ಊರಲ್ಲೇ ಇದ್ದು ಊರಿನ ಮೇಲೆ ಸ್ಕಿಟ್ ಮಾಡಿದ್ದು: ನನ್ನ ಅನುಭವ

ಶಿವಮೊಗ್ಗದ ಒಂದು ಲೋಕಲ್ ಕೇಬಲ್ ಚಾನೆಲ್‌ಗೆ ನಾವೊಂದಷ್ಟು ಜನ ಸೇರಿ ವಾರಕ್ಕೊಂದು ಕಾಮಿಡಿ ಸ್ಕಿಟ್ ಕಾರ್ಯಕ್ರಮ ಮಾಡುತ್ತಿದ್ದೆವು. ಪೇಟೆ ಬದುಕೇ ವಿಷಯ. ಒಂದು ಮಳೆಗಾಲದಲ್ಲಿ ಶುರುವಾಗಿ ಮುಂದಿನ ಮಳೆಗಾಲದೊಳಗೆ ನಿಂತುಹೋಯಿತು. ಬರೆಯುತ್ತಿದ್ದವನು ನಾನು, ಜನ ಸಾಲದಿದ್ದರೆ ನಟಿಸುತ್ತಿದ್ದವನೂ ನಾನೇ. ಈಗ ರೀಲ್ಸ್ ಮಾಡುವ ಹುಡುಗರು ಆಗೆಲ್ಲ ಹೇಗೆ ಮಾಡ್ತಿದ್ರಿ ಅಂತ ಕೇಳುತ್ತಿರುತ್ತಾರೆ, ಅದಕ್ಕೇ ಇದು.

ಮೊದಲು ಎಲ್ಲರೂ ಬರೆದುಕೊಂಡು ಬಂದದ್ದು ಬೆಂಗಳೂರಿನ ಜೋಕು. ಟ್ರಾಫಿಕ್ಕು, ಸಾಫ್ಟ್‌ವೇರು, ಪಿಜಿ ಊಟ. ಅದನ್ನು ದೊಡ್ಡ ಚಾನೆಲ್‌ನವರು ಆಗಲೇ ಅರೆದು ಮುಗಿಸಿದ್ದರು. ನಮ್ಮ ಪೇಟೆಯ ಕಷ್ಟವೇ ಬೇರೆ. ಗಾಂಧಿ ಬಜಾರಿನಲ್ಲಿ ಯಾರೋ ಬೈಕ್ ಅಡ್ಡ ನಿಲ್ಲಿಸಿರುತ್ತಾನೆ, ಬೈಯೋಣ ಅಂತ ಹತ್ತಿರ ಹೋದರೆ ಅತ್ತಿಗೆಯ ತಮ್ಮ, ಇಲ್ಲಾ ಮಗಳ ಮೇಷ್ಟ್ರು. ಬಾಯಿಗೆ ಬಂದ ಬೈಗುಳ ನುಂಗಿ "ಮನೇಲೆಲ್ಲ ಆರಾಮಾ?" ಅಂತ ಕೇಳಬೇಕು. ಇದು ಸಿಕ್ಕಮೇಲೆ ಬರೆಯೋದು ಸಲೀಸಾಯಿತು.

ಚೆನ್ನಾಗಿ ಬಂದ ಒಂದನ್ನು ಹೇಳುತ್ತೇನೆ. ತುಂಗೆ ತುಂಬಿದಾಗ ಕೋರ್ಪಲಯ್ಯ ಛತ್ರದ ಹತ್ತಿರ ನದಿಯೊಳಗಿರೋ ಮಂಟಪ ಮುಳುಗಿತಾ ಅಂತ ನೋಡೋಕೆ ಊರೇ ಹೋಗುತ್ತದಲ್ವಾ, ಅದರ ಮೇಲೆ. ಮೊದಲ ಪ್ರತಿಯಲ್ಲಿ ರಿಪೋರ್ಟರ್ ಇದ್ದ, ಬಜ್ಜಿ ಗಾಡಿಯವನಿದ್ದ, ಸೆಲ್ಫಿ ತೆಗೆಯೋ ಜೋಡಿ ಇತ್ತು. ಎಲ್ಲ ತೆಗೆದೆವು. ಉಳಿದದ್ದು ಒಂದೇ ಕೊಡೆಯ ಕೆಳಗೆ ಇಬ್ಬರು ರಿಟೈರ್ಡ್ ಮನುಷ್ಯರು.

"ಹೋದ ವರ್ಷದ ನೀರು ಇದಕ್ಕಿಂತ ಚೆನ್ನಾಗಿತ್ತು ಮಾರಾಯ."

"ಬಣ್ಣ ಪರವಾಗಿಲ್ಲ. ಆದ್ರೆ ಫೋರ್ಸ್ ಇಲ್ಲ."

ಅಷ್ಟರಲ್ಲಿ ಬೆಂಗಳೂರಿಂದ ಮಗನ ಫೋನು: "ಅಪ್ಪಾ, ಮುಳುಗ್ತಾ? ಮುಳುಗಿದ್ರೆ ಹೇಳು, ರಜೆ ಹಾಕಿ ಬರ್ತೀನಿ." "ಇನ್ನೂ ಒಂದು ಗೇಣು ಇದೆ, ತಡಿ." ಅಲ್ಲಿಗೇ ಕಟ್. ಒಂದು ಸ್ಕಿಟ್‌ಗೆ ಒಂದೇ ಹುಚ್ಚು ಸಾಕು, ಇಲ್ಲಿ ಅದು ನೆರೆಗೆ ಸಿನಿಮಾ ವಿಮರ್ಶೆ ಮಾಡೋದು. ಎರಡನೆಯದು ಬಂತೋ, ಎರಡೂ ಸಪ್ಪೆ. ಪಂಚ್ ಆದಮೇಲೆ ಒಂದು ಮಾತೂ ಬೇಡ. ಹಿರಿಯ ನಟರು ಕೊನೆಗೊಂದು ಬುದ್ಧಿಮಾತು ಸೇರಿಸೋಣ ಅಂತ ಪಟ್ಟು ಹಿಡಿಯುತ್ತಿದ್ದರು. ಶೂಟ್ ಮಾಡಿ, ಎಡಿಟಿಂಗ್‌ನಲ್ಲಿ ಸುಮ್ನೆ ಹಾರಿಸಿಬಿಡುತ್ತಿದ್ದೆ.

ನಟರಲ್ಲಿ ಜಾಸ್ತಿ ಜನ ನಾಟಕದವರು. ಒಂದಿಬ್ಬರು ಹೆಗ್ಗೋಡಿನ ನೀನಾಸಮ್‌ನಲ್ಲಿ ಕಲಿತವರು. ಹಿಂದಿನ ಸಾಲಿಗೆ ಕೇಳಿಸಬೇಕು ಅನ್ನೋ ಅಭ್ಯಾಸ ಅವರದು, ಕಾಲರ್ ಮೈಕ್ ಮುಂದೆ ಅದು ಜಗಳದ ಹಾಗೆ ಕೇಳಿಸುತ್ತದೆ. ರಿಹರ್ಸಲ್ ಅಂತ ಹೇಳಿ, ಕ್ಯಾಮೆರಾ ಆನ್ ಮಾಡಿ ಇಟ್ಟುಬಿಡುತ್ತಿದ್ದೆವು. ಸರಿಯಾದ ಟೇಕ್ ಅದರಲ್ಲೇ ಸಿಗುತ್ತಿತ್ತು.

ಮಳೆಗಾಲದಲ್ಲಿ ಶೀಟಿನ ಮನೆ ಮಾತ್ರ ಬೇಡವೇ ಬೇಡ, ಡೈಲಾಗ್ ಒಂದೂ ಉಳಿಯಲ್ಲ. ಹಂಚಿನ ಮನೆ ವಾಸಿ. ಹೋಟೆಲ್ ಒಳಗೆ ಹಳೇ ಟ್ಯೂಬ್‌ಲೈಟ್ ಇದ್ದರೆ ಚಿತ್ರದಲ್ಲಿ ಪಟ್ಟೆ ಓಡುತ್ತದೆ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಸೆಕೆಂಡಿಗೆ 25 ಫ್ರೇಮ್, ಶಟರ್ ಸ್ಪೀಡ್ ಸೆಕೆಂಡಿನ 1/50 ಇಟ್ಟರೆ ಆ ತೊಂದರೆ ಇಲ್ಲ. ಫೋನಿನಲ್ಲಿ 30 ಫ್ರೇಮ್ ಇಟ್ಟುಕೊಂಡು ಒದ್ದಾಡುವವರು ಇದೊಂದನ್ನು ನೋಡಿಕೊಳ್ಳಿ. ಇನ್ನು ಅದು ಸ್ಮಾರ್ಟ್ ಸಿಟಿ ಕೆಲಸಕ್ಕೆ ರಸ್ತೆ ಅಗೆಯುತ್ತಿದ್ದ ಕಾಲ. ಅರ್ಧ ದೃಶ್ಯ ತೆಗೆದು ಮತ್ತೆ ಹೋದರೆ ಅಲ್ಲಿ ರಸ್ತೆಯೇ ಇರುತ್ತಿರಲಿಲ್ಲ. ಕೊನೆಗೆ ಗುಂಡಿಗೂ ಒಂದು ಪಾತ್ರ ಕೊಟ್ಟೆವು.

ನಿಂತದ್ದು ಜನ ನೋಡದೆ ಅಲ್ಲ. ಲೋಕಲ್ ಚಾನೆಲ್‌ಗೆ ಜಾಹೀರಾತು ಕೊಡುವವರು ಯಾರು? ಬಟ್ಟೆ ಅಂಗಡಿ, ಟ್ಯೂಷನ್ ಸೆಂಟರ್, ಕಲ್ಯಾಣ ಮಂಟಪ, ಸೈಟ್ ಮಾರುವವರು. ನಾವು ಸ್ಕಿಟ್ ಮಾಡುತ್ತಿದ್ದದ್ದೂ ಇವರ ಮೇಲೇ! ಟ್ಯೂಷನ್ ಸ್ಕಿಟ್ ಬಂದ ವಾರ ಒಬ್ಬರು ಹೋದರು, ಮದುವೆ ಊಟದ ಸ್ಕಿಟ್‌ಗೆ ಇನ್ನೊಬ್ಬರು. ಯಾರೂ ಜಗಳ ಆಡಲಿಲ್ಲ. "ಈ ತಿಂಗಳು ಬಿಸಿನೆಸ್ ಸ್ವಲ್ಪ ಡಲ್ಲು" ಅಂದರು, ಕಾಫಿ ಕೊಟ್ಟು ಕಳಿಸಿದರು. ಯಾರಿಗೂ ನೋವಾಗದ ವಿಷಯ ಅಂತ ಉಳಿದದ್ದು ಮಳೆ, ಮಂಗ, ಕರೆಂಟು. ಕರೆಂಟ್ ಹೋಗುವ ಸ್ಕಿಟ್ ಒಬ್ಬ ಇನ್ವರ್ಟರ್ ಅಂಗಡಿಯವರಿಗೆ ಎಷ್ಟು ಹಿಡಿಸಿತೆಂದರೆ, ವಾರ ವಾರ ಅದನ್ನೇ ಮಾಡಿ, ಪೂರ್ತಿ ಖರ್ಚು ನಂದು ಅಂದರು. ಅವತ್ತೇ ನಾವು ನಾವೇ ಕೂತು ಮಾತಾಡಿ ನಿಲ್ಲಿಸಿದೆವು.