ಗ್ಯಾಸ್ ಫೀಸಿನಲ್ಲಿ ನನ್ನ ಪಾಲು

ಕಲಬುರಗಿ ಗಂಜ್‌ನಲ್ಲಿ ನಮ್ಮ ಕಾಕಾ ಅವರ ಅಡತಿ ಅಂಗಡಿ ಇದೆ. ತೊಗರಿ ಸುಗ್ಗಿ ಶುರುವಾದರೆ ಅವರಿಗೆ ಊಟಕ್ಕೂ ಪುರುಸೊತ್ತು ಇರುವುದಿಲ್ಲ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಇಂಥ ಪ್ರದೇಶದ್ದೇ ಎನ್ನುವ ಸರ್ಕಾರಿ ಗುರುತು) ಸಿಕ್ಕಿತು. ಆದರೆ ಚೀಲದ ಮೇಲೆ ಬರೆದದ್ದು ನಿಜವೋ ಸುಳ್ಳೋ ಅಂತ ದೂರದ ಊರಿನ ಗಿರಾಕಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಒಂದು ಸಣ್ಣ ಆ್ಯಪ್ ಕಟ್ಟಿದೆ. ಯಾವ ಊರಿನ ತೊಗರಿ, ಎಷ್ಟು ಕ್ವಿಂಟಲ್, ಯಾವ ದಿನ ಮಿಲ್‌ಗೆ ಹೋಯಿತು ಎಂದು ಪ್ರತಿ ಲಾಟ್‌ಗೂ ಬ್ಲಾಕ್‌ಚೈನ್ (ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ಲೆಕ್ಕದ ಪುಸ್ತಕ) ಮೇಲೆ ಒಂದು ನಮೂದು. ಒಮ್ಮೆ ಬರೆದದ್ದನ್ನು ಆಮೇಲೆ ಸದ್ದಿಲ್ಲದೆ ತಿದ್ದಲು ಬರುವುದಿಲ್ಲ.

ಇಥೀರಿಯಮ್ ಎಂಬ ಬ್ಲಾಕ್‌ಚೈನ್ ಮೇಲೆ ನೇರವಾಗಿ ಬರೆದರೆ ಪ್ರತಿ ನಮೂದಿಗೂ ಕಟ್ಟುವ ಫೀಸು, ಅಂದರೆ ಗ್ಯಾಸ್ ಫೀಸು, ನಮಗೆ ಭಾರ. ಹಾಗಾಗಿ ಅದರ ಮೇಲೆ ನಡೆಯುವ ಅಗ್ಗದ ನೆಟ್‌ವರ್ಕ್, ಅಂದರೆ ಲೇಯರ್ 2 ಹಿಡಿದೆ. ಅಲ್ಲಿ ಸೀಕ್ವೆನ್ಸರ್ ಎಂಬ ಕಂಪ್ಯೂಟರ್ ಎಲ್ಲರ ವ್ಯವಹಾರಗಳನ್ನೂ ಒಂದೇ ಗಂಟು ಕಟ್ಟಿ ಇಥೀರಿಯಮ್‌ಗೆ ಹಾಕುತ್ತದೆ. ನಾವು ಕಟ್ಟಿದ ಫೀಸಿನಲ್ಲಿ ಈ ಖರ್ಚು ಕಳೆದು ಉಳಿದದ್ದು ನೆಟ್‌ವರ್ಕ್‌ನ ಲಾಭ. 2024ರ ಮಾರ್ಚ್ 13ರಂದು ಇಥೀರಿಯಮ್‌ಗೆ ಡೆನ್‌ಕುನ್ ಅಪ್‌ಗ್ರೇಡ್ ಬಂತು. ಬ್ಲಾಬ್ ಎಂಬ ಅಗ್ಗದ ಜಾಗ ಸಿಕ್ಕಿ ಆ ಖರ್ಚು ಬಹಳ ಇಳಿಯಿತು.

ಇದನ್ನೆಲ್ಲ ಕಾಕಾಗೆ ವಿವರಿಸುತ್ತಿದ್ದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲೋ, ನೀ ಕರ್ಕೊಂಡ್ ಬಂದ ಮಂದಿ ರೊಕ್ಕ ಕೊಡ್ತಾರ. ನಿನಗ ಏನ್ ಸಿಗ್ತದ?"

ಆ ಪ್ರಶ್ನೆಗೆ ಉತ್ತರ ಹುಡುಕಿಯೇ ಫೀಸಿನ ಪಾಲು ಕೊಡುವ ನೆಟ್‌ವರ್ಕ್‌ಗಳ ಕಡೆ ಹೋದೆ. ಲೇಯರ್ 2 ಅಲ್ಲದ ಕ್ಯಾಂಟೊ ಮೊದಲೇ ಫೀಸಿನ 20% ಭಾಗವನ್ನು ಆ್ಯಪ್‌ಗಳಿಗೆ ಬಿಟ್ಟುಕೊಟ್ಟಿತ್ತು. ಲೇಯರ್ 2 ಆದ ಮೋಡ್ ಅದೇ ದಾರಿ ಹಿಡಿಯಿತು. ಅಲ್ಲಿ ಪಾಲಿನ ಹಕ್ಕೇ ಒಂದು ಎನ್‌ಎಫ್‌ಟಿ (ಬ್ಲಾಕ್‌ಚೈನ್ ಮೇಲಿನ ಒಡೆತನದ ಚೀಟಿ). ಅದು ಯಾರ ಕೈಯಲ್ಲಿದೆಯೋ ದುಡ್ಡು ಅವರದ್ದು. ನಾನು ಆರಿಸಿಕೊಂಡದ್ದು ಬ್ಲಾಸ್ಟ್ ಎಂಬ ಇನ್ನೊಂದು ಲೇಯರ್ 2.

ಬ್ಲಾಸ್ಟ್‌ನಲ್ಲಿ ಪಾಲು ತಾನಾಗಿ ಬರುವುದಿಲ್ಲ, ಕೇಳಿ ಪಡೆಯಬೇಕು. ಕಾಂಟ್ರಾಕ್ಟ್ (ಬ್ಲಾಕ್‌ಚೈನ್ ಮೇಲೆ ಓಡುವ ಆ್ಯಪ್‌ನ ಕೋಡ್) ಹುಟ್ಟುವಾಗ 'ವಾಯ್ಡ್' ಸ್ಥಿತಿಯಲ್ಲಿರುತ್ತದೆ, ಅಂದರೆ ಪಾಲು ಇಲ್ಲ. ಅದನ್ನು 'ಕ್ಲೇಮೆಬಲ್' ಮಾಡುವ ಕರೆ ಕಾಂಟ್ರಾಕ್ಟ್‌ನಿಂದಲೇ ಹೋಗಬೇಕು, ಅಥವಾ ಅದು ನೇಮಿಸಿದ ಗವರ್ನರ್ ವಿಳಾಸದಿಂದ. ಗವರ್ನರ್ ನೇಮಿಸದಿದ್ದರೆ ಕಾಂಟ್ರಾಕ್ಟೇ ಗವರ್ನರ್. ನಾನು ಈ ಕರೆಯ ಸಾಲನ್ನು ಕನ್‌ಸ್ಟ್ರಕ್ಟರ್‌ನಲ್ಲಿ (ಕಾಂಟ್ರಾಕ್ಟ್ ಹುಟ್ಟುವಾಗ ಒಮ್ಮೆ ಓಡುವ ಕೋಡ್) ಹಾಕದೆ ಬ್ಲಾಕ್‌ಚೈನ್‌ಗೆ ಏರಿಸಿಬಿಟ್ಟೆ. ಅಪ್‌ಗ್ರೇಡ್ ಮಾಡಲು ಬಾರದ ಕಾಂಟ್ರಾಕ್ಟ್ ಅದು. ಮೂರು ವಾರದ ನಮೂದುಗಳನ್ನು ಹಳೆಯದರಲ್ಲೇ ಬಿಟ್ಟು, ಹೊಸ ಕಾಂಟ್ರಾಕ್ಟ್‌ನಲ್ಲಿ ಮತ್ತೆ ಶುರು ಮಾಡಬೇಕಾಯಿತು. ಸುಗ್ಗಿಯ ನಡುವೆ ಮುನೀಮರಿಗೆ ಎರಡೆರಡು ಸಲ ಕೆಲಸ. ಅದು ನನಗೆ ಇವತ್ತಿಗೂ ಬೇಸರ.

ಪಾಲು ತೆಗೆಯಲೂ ತಾಳ್ಮೆ ಬೇಕು. ಅವಸರಕ್ಕೆ ತೆಗೆದರೆ ಅರ್ಧವಷ್ಟೇ ಕೈಗೆ ಬರುತ್ತದೆ. ಸುಮಾರು ಒಂದು ತಿಂಗಳು ಕಾದರೆ ಪೂರ್ತಿ. ನಾನು ಕಾದೆ.

ಕೈಗೆ ಬಂದ ಮೇಲೆ ಲೆಕ್ಕ ಹಾಕಿ ಕೂತೆ. ಮುನೀಮರ ಪರವಾಗಿ ಗ್ಯಾಸ್ ಕಟ್ಟುತ್ತಿದ್ದವನು ನಾನೇ, ಅಲ್ವಾ? ಅಂದರೆ ಬಂದದ್ದು ಆದಾಯವಲ್ಲ, ನನ್ನದೇ ದುಡ್ಡು ತಿರುಗಿ ಬಂದದ್ದು. ಹೊರಗಿನ ಖರೀದಿದಾರರು ತಮ್ಮದೇ ವ್ಯಾಲೆಟ್‌ನಿಂದ ಲಾಟ್ ತಮ್ಮ ಹೆಸರಿಗೆ ಬರೆಸಿಕೊಂಡಾಗ ಬಂದ ಪಾಲು ಮಾತ್ರ ನಿಜವಾದ ಗಳಿಕೆ. ಅದು ಕಡಿಮೆಯೇ. ಫೀಸು ಅಗ್ಗವಾದ ಕಡೆ ಪಾಲೂ ಸಣ್ಣದೇ ತಾನೆ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡಿತು. ಪಾಲು ಸಿಗುವುದು ಕಾಂಟ್ರಾಕ್ಟ್ ತಿಂದ ಗ್ಯಾಸ್, ಅಂದರೆ ಅದು ಮಾಡಿದ ಕೆಲಸದ ಅಳತೆ, ಅದರ ಲೆಕ್ಕದಲ್ಲಿ. ನನ್ನ ಮೊದಲ ಕೋಡ್‌ನಲ್ಲಿ ಊರು, ತೂಕ, ದಿನ ಎಲ್ಲವೂ ಬೇರೆಬೇರೆ ಜಾಗದಲ್ಲಿ ಕೂರುತ್ತಿದ್ದವು. 32 ಬೈಟ್‌ನ ಒಂದು ಹೊಸ ಜಾಗ ತುಂಬಿದರೆ 20,000ಕ್ಕೂ ಮೇಲೆ ಗ್ಯಾಸ್ ಹೋಗುತ್ತದೆ. ಊರಿಗೆ ಒಂದು ನಂಬರ್ ಕೊಟ್ಟು, ತೂಕವನ್ನೂ ದಿನವನ್ನೂ ಅದರ ಪಕ್ಕದಲ್ಲೇ ಒತ್ತಿ, ಎಲ್ಲವನ್ನೂ ಒಂದೇ ಜಾಗಕ್ಕೆ ಹಿಡಿಸಿದೆ. ಬಳಸುವವರಿಗೆ ಫೀಸು ಇಳಿಯಿತು. ನನ್ನ ಪಾಲೂ ಇಳಿಯಿತು. ಕೋಡ್ ದುಂದು ಮಾಡಿದವನಿಗೆ ಹೆಚ್ಚು ಪಾಲು, ಮಿತವಾಗಿ ಬರೆದವನಿಗೆ ಕಡಿಮೆ. ಇದು ಸರಿಯಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಷ್ಟು ಬೇರೆಬೇರೆ ಜನ ನಿಜವಾಗಿ ಬಳಸಿದರು ಎಂಬುದಕ್ಕೂ ಬೆಲೆ ಸಿಗಬೇಕು. ಒಬ್ಬನೇ ಹತ್ತು ವ್ಯಾಲೆಟ್ ತೆರೆದು ಮೋಸ ಮಾಡಬಹುದು, ಆದ್ದರಿಂದ ಅದನ್ನು ಎಣಿಸುವುದು ಕಷ್ಟ, ಒಪ್ಪುತ್ತೇನೆ. ಆದರೂ ಮಿತವಾದ ಕೋಡನ್ನು ನಾನು ಹಿಂದಕ್ಕೆ ತಿರುಗಿಸಲಿಲ್ಲ.

ಬಂದ ಪಾಲನ್ನು ರೂಪಾಯಿ ಮಾಡಲು ಹೋದರೆ ಲಾಭದ ಮೇಲೆ 30% ತೆರಿಗೆ, ಜೊತೆಗೆ 1% ಟಿಡಿಎಸ್ ನಿಯಮವೂ ಇದೆ. ಪ್ರತಿ ಕ್ಲೇಮ್‌ನ ದಿನ, ಮೊತ್ತ, ಆವತ್ತಿನ ಬೆಲೆ ಬರೆದಿಟ್ಟು ಆಡಿಟರ್‌ಗೆ ಕೊಟ್ಟೆ. ದುಡ್ಡನ್ನು ಮಾತ್ರ ಮನೆಗೆ ಒಯ್ಯಲಿಲ್ಲ. ಗ್ಯಾಸ್ ಕಟ್ಟುವ ವ್ಯಾಲೆಟ್‌ಗೇ ಮತ್ತೆ ಹಾಕಿದೆ. ಆ ಸುಗ್ಗಿ ಮುಗಿಯುವವರೆಗೂ ಲಾಟ್ ಬರೆಸಲು ಕಾಕಾ ಅಂಗಡಿಯಲ್ಲಿ ಯಾವ ರೈತರ ಲೆಕ್ಕದ ಪಟ್ಟಿಯಿಂದಲೂ ಒಂದು ರೂಪಾಯಿ ಹಿಡಿಯಲಿಲ್ಲ.