ಬೋರ್ಡ್ ಬರೆಸುವ ಮೊದಲು: ಒಂದಕ್ಷರದ ಇಂಗ್ಲಿಷ್ ತಪ್ಪು ಹಿಡಿಯುವುದು ಹೇಗೆ?

ಮೂಡಿಗೆರೆ ಹತ್ತಿರ ನಮ್ಮ ಚಿಕ್ಕಪ್ಪನ ಹೋಂಸ್ಟೇ ಇದೆ. ಗೇಟಿನ ಬೋರ್ಡಿಗೆ ಇಂಗ್ಲಿಷ್ ಸಾಲು ಬರೆದುಕೊಟ್ಟವನು ನಾನೇ. ಗಲಾಟೆಯಿಲ್ಲದ ಜಾಗ ಅನ್ನಲು 'ಕ್ವಯಟ್ ಸ್ಟೇ' ಅಂತ ಹಾಕಬೇಕಿತ್ತು. ಅದರ ಸ್ಪೆಲಿಂಗ್ ಕ್ಯೂ-ಯು-ಐ-ಇ-ಟಿ. ನಾನು ಕೊನೆಯ ಎರಡು ಅಕ್ಷರ ತಿರುಗಿಸಿ ಕ್ಯೂ-ಯು-ಐ-ಟಿ-ಇ ಅಂತ ಬರೆದಿದ್ದೆ. ಅದು 'ಕ್ವೈಟ್'. ಸಾಕಷ್ಟು, ಬಹಳಮಟ್ಟಿಗೆ ಅನ್ನುವ ಅರ್ಥ. ಎರಡು ತಿಂಗಳು ಯಾರೂ ನೋಡಲಿಲ್ಲ. ಆಮೇಲೆ ಬೆಂಗಳೂರಿನಿಂದ ಬಂದ ಅತಿಥಿಯೊಬ್ಬರು ಗೇಟಿನಲ್ಲೇ ನಿಂತು ಫೋಟೊ ತೆಗೆದುಕೊಂಡು ನಕ್ಕರು.

ಫೋನಿನಲ್ಲಿ ಟೈಪ್ ಮಾಡಿದಾಗ ಕೆಂಪು ಗೆರೆ ಯಾಕೆ ಬರಲಿಲ್ಲ? ಎರಡೂ ನಿಜವಾದ ಪದಗಳೇ ಆದ್ದರಿಂದ. ಸ್ಪೆಲ್‌ಚೆಕ್ ಇಂಥ ಕಡೆ ಸುಮ್ನೆ ಕೂರುತ್ತದೆ. ಇದನ್ನು ನಾವೇ ಹಿಡಿಯಬೇಕು. ನಾನು ಈಗ ಹೀಗೆ ಮಾಡುತ್ತೇನೆ.

ಮೊದಲ ಹೆಜ್ಜೆ: ಕಿವಿಯನ್ನು ನಂಬಬೇಡಿ

ಕನ್ನಡದಲ್ಲಿ ಕೇಳಿದ್ದನ್ನು ಬರೆದರೆ ಹೆಚ್ಚುಕಮ್ಮಿ ಸರಿಯಾಗಿರುತ್ತದೆ. ಇಂಗ್ಲಿಷಿನಲ್ಲಿ ಅದೇ ಅಭ್ಯಾಸ ಕೈಕೊಡುತ್ತದೆ. ಅದೂ ಅಲ್ಲದೆ, ಇಂಗ್ಲಿಷಿನ ಎರಡು ಬೇರೆ ಸದ್ದುಗಳನ್ನು ನಾವು ಒಂದೇ ಮಾಡಿಕೊಂಡಿರುತ್ತೇವೆ. ಹಾಲು ಹಾಕುವುದೂ ಡೈರಿಗೆ, ದಿನದ ವಿಷಯ ಬರೆಯುವುದೂ ಡೈರಿಯಲ್ಲಿ. ಅಲ್ವಾ? ಇಂಗ್ಲಿಷಿನವರಿಗೆ ಹಾಲಿನದು 'ಡೇರಿ', ಡಿ-ಎ-ಐ-ಆರ್-ವೈ. ಬರೆಯುವುದು 'ಡಯರಿ', ಡಿ-ಐ-ಎ-ಆರ್-ವೈ. ಹಸು ಸಾಕುವವರು 'ಡಯರಿ ಫಾರ್ಮ್' ಅಂತ ಬೋರ್ಡ್ ಹಾಕಿಬಿಡುವುದು ಹೀಗೆ.

'ಲೂಸ್' ಕೂಡ ಹಾಗೇ. ಪ್ಯಾಂಟ್ ಲೂಸ್ ಆಗುವುದಕ್ಕೆ ಎಲ್-ಒ-ಒ-ಎಸ್-ಇ. ಪರ್ಸ್ ಕಳೆದುಕೊಳ್ಳುವುದಕ್ಕೆ ಎಲ್-ಒ-ಎಸ್-ಇ. ಎರಡನೆಯದರ ಕೊನೆಯಲ್ಲಿ ಜೇನುನೊಣ ಗುಂಯ್‌ಗುಡುವಂಥ ಸದ್ದಿದೆ. ಅದು ಕನ್ನಡದ್ದಲ್ಲ, ಹಾಗಾಗಿ ನಮ್ಮ ಬಾಯಲ್ಲಿ ಎರಡೂ ಲೂಸೇ. ತಲೆ ಕೆಟ್ಟವರನ್ನೂ ನಾವು ಲೂಸು ಅಂತಲೇ ಕರೆಯುತ್ತೇವೆ, ಅದು ಬೇರೆ ಮಾತು.

ಎರಡನೇ ಹೆಜ್ಜೆ: ಆ ಸಾಲನ್ನು ಕನ್ನಡದಲ್ಲಿ ಹೇಳಿಕೊಳ್ಳಿ

ಚಿಕ್ಕಮಗಳೂರಿನಲ್ಲಿ ಟ್ಯಾಕ್ಸಿಯವರ ಕಾರ್ಡು ನೋಡಿದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಹೆಸರಿನ ಮೇಲೆ 'ಲೋಕಲ್ ಸೈಟ್ ಸೀಯಿಂಗ್' ಇರುತ್ತದೆ. ಎಷ್ಟೋ ಸಲ ಅಲ್ಲಿ 'ಸೈಟ್' ಎಸ್-ಐ-ಟಿ-ಇ ಆಗಿರುತ್ತದೆ. ಕನ್ನಡದಲ್ಲಿ ಹೇಳಿ ನೋಡಿ: ಜಾಗವೋ, ನೋಟವೋ? ಜಾಗವಾದರೆ ಎಸ್-ಐ-ಟಿ-ಇ. ಮೂವತ್ತು ನಲವತ್ತರ ಸೈಟು ಅಂದರೆ ಇದೇ. ನೋಟವಾದರೆ ಎಸ್-ಐ-ಜಿ-ಎಚ್-ಟಿ. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆ ಪಟ್ಟಿಗೆ ಸೇರಿದವಲ್ಲ, ಆ 'ವರ್ಲ್ಡ್ ಹೆರಿಟೇಜ್ ಸೈಟ್' ಜಾಗದ ಸೈಟು. ಅದನ್ನು ನೋಡಲು ಹೋಗುವುದು ನೋಟದ 'ಸೈಟ್‌ಸೀಯಿಂಗ್'. ಟ್ಯಾಕ್ಸಿ ಕಾರ್ಡಿನ ಪ್ರಕಾರ ಹೋದರೆ ಖಾಲಿ ನಿವೇಶನ ನೋಡಿಕೊಂಡು ಬರಬೇಕಾಗುತ್ತದೆ.

ನಡುವೆ ಆ ಜಿ-ಎಚ್ ಯಾಕೆ ಸುಮ್ಮನೆ ಕೂತಿದೆ ಅಂತ ಮಕ್ಕಳು ಕೇಳುತ್ತಾರೆ. ಹಿಂದೆ ಅದಕ್ಕೂ ಗಂಟಲಿನಿಂದ ಹೊರಡುವ ಒಂದು ಸದ್ದಿತ್ತು. ಇಂಗ್ಲೆಂಡಿನಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಅಚ್ಚುಕೂಟ ತೆರೆದದ್ದು 1476ರಲ್ಲಿ. ಅಲ್ಲಿಂದ ಸ್ಪೆಲಿಂಗ್ ನಿಧಾನವಾಗಿ ಗಟ್ಟಿಯಾಗುತ್ತಾ ಹೋಯಿತು. ಮಾತು ಮಾತ್ರ ನಿಲ್ಲಲಿಲ್ಲ, ಬದಲಾಗುತ್ತಲೇ ಹೋಯಿತು. ಸದ್ದು ಹೋದರೂ ಅಕ್ಷರ ಉಳಿದದ್ದು ಹೀಗೆ.

ಮೂರನೇ ಹೆಜ್ಜೆ: ಬೇರೆಯಾಗುವ ಅಕ್ಷರಕ್ಕೆ ಒಂದು ಗೂಟ ಹೊಡೆಯಿರಿ

ಇಡೀ ಪದ ಬಾಯಿಪಾಠ ಮಾಡಬೇಡಿ. ಜೋಡಿಯಲ್ಲಿ ಯಾವ ಅಕ್ಷರ ಬೇರೆಯೋ ಅದನ್ನಷ್ಟೇ ಕಟ್ಟಿಹಾಕಿ. ದಿನಚರಿ 'ದಿ'ಯಿಂದ ಶುರು, ಡಯರಿಯೂ ಡಿ-ಐ ಇಂದ ಶುರು. ಲ್ಯಾಟಿನ್‌ನಲ್ಲಿ 'ದಿಯೆಸ್' ಅಂದರೆ ದಿನ, ಆ ಪದ ಹುಟ್ಟಿದ್ದೂ ಅಲ್ಲಿಂದಲೇ. ಸಡಿಲವಾದ ಪ್ಯಾಂಟಿನಲ್ಲಿ ಜಾಗ ಜಾಸ್ತಿ, ಅದಕ್ಕೆ ಎರಡು ಒ. ಕಳೆದುಕೊಂಡವನ ಹತ್ತಿರ ಉಳಿದಿರುವುದು ಒಂದೇ.

ಅಂಗಡಿಯ 'ಸ್ಟೇಷನರಿ'ಯಲ್ಲಿ ಕೊನೆಗೆ ಬರುವುದು ಇ-ಆರ್-ವೈ. ಎ-ಆರ್-ವೈ ಹಾಕಿದರೆ ಕದಲದೆ ನಿಂತದ್ದು ಅಂತಾಗುತ್ತದೆ. ಎನ್ವಲಪ್‌ನ ಇ ನೆನಪಿಟ್ಟರೆ ಸಾಕು. ಇವೆರಡೂ ಒಂದೇ ಬೇರಿನವು ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ. ಹಿಂದೆ ಊರೂರು ತಿರುಗಿ ಮಾರುವವರ ನಡುವೆ ಒಂದೇ ಕಡೆ ಅಂಗಡಿ ಇಟ್ಟು ಪುಸ್ತಕ ಮಾರುವವನನ್ನು 'ಸ್ಟೇಷನರ್' ಅನ್ನುತ್ತಿದ್ದರು. ಅವನ ಅಂಗಡಿಯ ಸರಕೇ ಸ್ಟೇಷನರಿ.

ಹೋಂಸ್ಟೇ ಇಟ್ಟವರಿಗೆ ಇನ್ನೊಂದು: 'ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್'. ರೂಮಿನ ಜೊತೆ ಪುಕ್ಕಟೆ ತಿಂಡಿ ಅಂದರೆ ಎಲ್ ಆದಮೇಲೆ ಐ. ಅಲ್ಲಿ ಇ ಹಾಕಿದರೆ ಪೂರಕವಾದದ್ದು ಅಂತ ಅರ್ಥ. 'ಕಂಪ್ಲೀಟ್'ನಲ್ಲಿ ಎಲ್ ಆದಮೇಲೆ ಇ ಇದೆಯಲ್ಲ, ಪೂರ್ತಿ ಮಾಡುವುದು ಅದು. ಕಡುಬಿಗೆ ಚಟ್ನಿ ಇ, ಕಡುಬು ಪುಕ್ಕಟೆ ಕೊಟ್ಟರೆ ಐ.

ನಾಲ್ಕನೇ ಹೆಜ್ಜೆ: ವಸ್ತುವೋ, ಕೆಲಸವೋ?

ಇದು ಅರ್ಜಿ ಬರೆಯುವವರಿಗೆ. ಸಲಹೆ ಅನ್ನುವ 'ಅಡ್ವೈಸ್'ಗೆ ಸಿ, ಸಲಹೆ ಕೊಡು ಅನ್ನುವುದಕ್ಕೆ ಎಸ್. ಐಸ್ ಒಂದು ವಸ್ತು, ಐ-ಸಿ-ಇ. ಸಲಹೆಯ ಕೊನೆಯಲ್ಲೂ ಅದೇ ಐಸ್ ಇದೆ. 'ಪ್ರಾಕ್ಟೀಸ್', 'ಲೈಸೆನ್ಸ್' ಕೂಡ ಬ್ರಿಟಿಷ್ ಪದ್ಧತಿಯಲ್ಲಿ ಹಾಗೇ: ಹೆಸರಾದರೆ ಸಿ, ಕ್ರಿಯೆಯಾದರೆ ಎಸ್. ನಮ್ಮ ಡ್ರೈವಿಂಗ್ ಲೈಸೆನ್ಸ್ ಕಾರ್ಡ್ ತೆಗೆದು ನೋಡಿ, ಸಿ ಇದೆ. ಅಮೆರಿಕದವರು ಲೈಸೆನ್ಸಿಗೆ ಎರಡು ಕಡೆಯೂ ಎಸ್, ಪ್ರಾಕ್ಟೀಸಿಗೆ ಎರಡು ಕಡೆಯೂ ಸಿ ಬರೆಯುತ್ತಾರೆ. ಅದೂ ತಪ್ಪಲ್ಲ. ಒಂದೇ ಅರ್ಜಿಯಲ್ಲಿ ಎರಡೂ ಪದ್ಧತಿ ಬೆರೆಸಬೇಡಿ, ಅಷ್ಟೇ.

ಕೊನೆಗೆ, ಬೋರ್ಡ್ ಪೇಂಟ್ ಆಗುವ ಮೊದಲು ಬರಹವನ್ನು ಕೊನೆಯ ಪದದಿಂದ ಹಿಂದಕ್ಕೆ ಓದಿ. ಮುಂದಿನಿಂದ ಓದಿದರೆ ಕಣ್ಣು ತನಗೆ ಬೇಕಾದ್ದನ್ನೇ ಓದಿಕೊಂಡು ಹೋಗುತ್ತದೆ. ಅನುಮಾನ ಬಂದ ಪದವನ್ನು ಒಂದೊಂದೇ ಅಕ್ಷರವಾಗಿ ಪೇಂಟರ್‌ಗೆ ಓದಿ ಹೇಳಿ, ಅವರಿಂದ ತಿರುಗಿ ಹೇಳಿಸಿ. ನಾನು ಇದ್ಯಾವುದೂ ಮಾಡಿರಲಿಲ್ಲ. ಚಿಕ್ಕಪ್ಪ ಮತ್ತೆ ಕರೆಸಿದಾಗ ಪೇಂಟರ್, "ನೀವು ಕೊಟ್ಟಿದ್ದನ್ನೇ ಬರೆದಿದೀನಿ ಸಾರ್" ಅಂದರು. ಅಳಿಸಿ ಬರೆದದ್ದು ಎರಡೇ ಅಕ್ಷರ. ಹಿನ್ನೆಲೆಯ ಹಸಿರು ಹೊಂದಲಿಲ್ಲ ಅಂತ ಪೂರ್ತಿ ಬೋರ್ಡಿಗೆ ಬಣ್ಣ ಹೊಡೆದು, ಪೂರ್ತಿ ದುಡ್ಡು ತೆಗೆದುಕೊಂಡರು.