‘ರಾಶಿ ಆದ ಮ್ಯಾಲ’ ಅಂದ್ರ ಯಾವ ತಾರೀಖು?

ಕಲಬುರಗಿ ಗಂಜಿನ (ಕೃಷಿ ಮಾರುಕಟ್ಟೆಯ) ಅಡತ ಅಂಗಡಿಗಳಿಗೆ, ಅಂದರೆ ರೈತರ ಮಾಲನ್ನು ದಲಾಲಿಗೆ ಮಾರಿಸಿಕೊಡುವವರಿಗೆ, ಉದ್ರಿ ಲೆಕ್ಕದ ಆ್ಯಪ್ ಮಾಡುವಾಗ ‘ತೀರಿಸುವ ದಿನಾಂಕ’ ಎಂಬ ಕಾಲಂ ಇಟ್ಟಿದ್ದೆವು. ಅದನ್ನು ತುಂಬದೆ ಮುಂದಕ್ಕೆ ಹೋಗಲು ಬರುತ್ತಿರಲಿಲ್ಲ. ಗುಮಾಸ್ತರು ಮಾರ್ಚ್ 31 ಎಂದು ಒತ್ತಿ ಕೆಲಸ ಸಾಗಿಸಿದರು. ಆ ದಿನ ರೈತರ ಫೋನಿಗೆ ಬಾಕಿ ಕೇಳುವ ಸಂದೇಶ ಹೋಯಿತು, ಬೈಸಿಕೊಂಡವರು ಅಂಗಡಿಯ ಸಾಹುಕಾರರು. ವಹಿಯಲ್ಲಿ (ಲೆಕ್ಕದ ಪುಸ್ತಕದಲ್ಲಿ) ಬರೆದಿದ್ದದ್ದು ‘ತೊಗರಿ ರಾಶಿ ಆದ ಮ್ಯಾಲ’ ಎಂದು, ಅಂದರೆ ಒಕ್ಕಣೆ ಮುಗಿದ ಮೇಲೆ. ಜೂನ್–ಜುಲೈಯಲ್ಲಿ ಬಿತ್ತಿದ ತೊಗರಿ ಡಿಸೆಂಬರ್–ಜನವರಿಯಲ್ಲಿ ರಾಶಿಯಾಗುತ್ತದೆ, ಮಳೆ ತಡವಾದರೆ ವಾಯಿದೆಯೂ ಜರುಗುತ್ತದೆ. ಈಗ ಅಲ್ಲಿ ಬೆಳೆ ಆರಿಸಿದರೆ ಸಾಕು, ತಾರೀಖು ಬೇಕಾದವರು ಹಾಕಬಹುದು.

ಬಡ್ಡಿಯದೂ ಇದೇ ಕತೆ. ಗಂಜಿನಲ್ಲಿ ‘ನೂರಕ್ಕ ಎರಡು’ ಅಂದರೆ ತಿಂಗಳಿಗೆ. ನಮ್ಮ ಕಾಲಂ ಕೇಳಿದ್ದು ವರ್ಷದ ದರ. 10,000 ರೂಪಾಯಿಗೆ ಆರು ತಿಂಗಳಿಗೆ 1,200 ಆಗಬೇಕಾದ ಬಡ್ಡಿ 100 ಎಂದು ಬಂತು. ಇವೆರಡೂ ಆ್ಯಪ್ ಮಾಡುವ ಮೊದಲು ಗಂಜಿನವರನ್ನು ಸಂದರ್ಶಿಸಿದಾಗ ಬಂದಿದ್ದ ಮಾತುಗಳೇ. ಟಿಪ್ಪಣಿಯನ್ನು ಇಂಗ್ಲಿಷಿಗೆ ಮಾಡಿ ಬೆಂಗಳೂರಿನ ತಂಡಕ್ಕೆ ಕಳಿಸುವಾಗ ಉದ್ರಿ ಹೋಗಿ ‘ಲೋನ್’ ಆಗಿತ್ತು. ಲೋನ್ ಅಂದಮೇಲೆ ವಾರ್ಷಿಕ ಬಡ್ಡಿ, ಕಂತು, ಗಡುವು ತಾವಾಗಿಯೇ ಬಂದು ಕೂತವು. ಆಮೇಲಿಂದ ಟಿಪ್ಪಣಿಯ ಹಾಳೆಗೆ ಮೂರು ಕಾಲಂ: ಅವರು ಆಡಿದ ಮಾತು ಇದ್ದ ಹಾಗೇ, ಕಣ್ಣಾರೆ ಕಂಡದ್ದು, ನಮ್ಮ ಊಹೆ. ಮೊದಲನೆಯದನ್ನು ಯಾರೂ ಅನುವಾದಿಸುವ ಹಾಗಿಲ್ಲ. ಅದೇ ದಿನ ಸಂಜೆ ತುಂಬಬೇಕು, ಮರುದಿನಕ್ಕೆ ಬಿಟ್ಟರೆ ಮೂರನೆಯದು ಬಂದು ಎರಡನೆಯದರಲ್ಲಿ ಸೇರಿಕೊಳ್ಳುತ್ತದೆ.

ಯಾವಾಗ ಹೋಗಬೇಕು ಎಂಬುದು ಯಾರನ್ನು ಕೇಳಬೇಕು ಎಂಬುದರಷ್ಟೇ ಮುಖ್ಯ. ಜನವರಿಯಲ್ಲಿ ಆವಕ ಜೋರಾಗಿರುವಾಗ ಪ್ರಶ್ನೆ ಹಿಡಿದು ಹೋದವರನ್ನು ಯಾರೂ ಕೂರಿಸುವುದಿಲ್ಲ. ಆಗ ಬರೀ ನೋಡುತ್ತೇನೆ. ಚೀಲ ಇಳಿದಲ್ಲಿಂದ ಮಾರಾಟದ ಲೆಕ್ಕದ ಪಟ್ಟಿ ರೈತರ ಕೈ ಸೇರುವವರೆಗೆ ಒಂದೇ ಲೆಕ್ಕವನ್ನು ಎಷ್ಟು ಕಡೆ, ಯಾರು, ಯಾವ ಕಾಗದದ ಮೇಲೆ ಬರೆಯುತ್ತಾರೆ ಅಂತ. ಒಂದು ಅಂಗಡಿಗೆ ಒಂದು ಪೂರ್ತಿ ಬೆಳಗು ಬೇಕು. ಕೇಳುವುದೇನಿದ್ದರೂ ಯುಗಾದಿ ಮುಗಿದ ಮೇಲೆ. ಆಗ ಸಾಹುಕಾರರಿಗೆ ಪುರಸೊತ್ತಿರುತ್ತದೆ, ಆದರೆ ನೆನಪು ಮಸುಕಾಗಿರುತ್ತದೆ. ಜನವರಿಯಲ್ಲಿ ಕಂಡದ್ದನ್ನು ಮುಂದಿಟ್ಟರೆ ಮತ್ತೆ ತೆರೆದುಕೊಳ್ಳುತ್ತದೆ.

ದುಡ್ಡು ಕೊಡುವವರು ಸಾಹುಕಾರರು, ಆ್ಯಪ್ ಒತ್ತುವವರು ಗುಮಾಸ್ತರು, ಅದರ ಬಿಸಿ ತಟ್ಟುವುದು ರೈತರಿಗೆ. ಮೂರೂ ಗುಂಪಿನಲ್ಲಿ ತಲಾ ಆರು ಜನ, ಒಬ್ಬೊಬ್ಬರಿಗೆ 40 ನಿಮಿಷ. ಒಂದೇ ಗುಂಪಿನ ಐದಾರು ಜನರ ನಂತರ ಹೊಸ ಮಾತು ಕಡಿಮೆಯಾಗುತ್ತದೆ. ಆದರೂ ಬರುತ್ತಿದ್ದರೆ ಎರಡು ಗುಂಪನ್ನು ಒಂದೆಂದು ಎಣಿಸಿರಬಹುದು: ಗಂಜಿನಲ್ಲೇ ಖರೀದಿಯನ್ನೂ ಮಾಡುವ ಅಡತಿಯವರ ಲೆಕ್ಕ ಬರೀ ಅಡತಿಯವರದಕ್ಕಿಂತ ಬೇರೆ. ಗುಮಾಸ್ತರನ್ನು ಅಂಗಡಿಯಲ್ಲಿ ಕೇಳಬಾರದು. ಸಾಹುಕಾರರು ಗಾದಿಯ ಮೇಲೆ ಕೂತಿರುವಾಗ ಎಲ್ಲದಕ್ಕೂ ‘ಹೌದ್ರಿ’ ಒಂದೇ ಉತ್ತರ. ಚಹಾದಂಗಡಿಗೆ ಕರೆದುಕೊಂಡು ಹೋದರೆ ವಹಿ ಹೊಂದಿಸಲು ರಾತ್ರಿ ಎಷ್ಟು ಹೊತ್ತಾಗುತ್ತದೆ ಎಂಬುದು ಹೊರಬರುತ್ತದೆ.

‘ಇಂಥಾ ಆ್ಯಪ್ ಇದ್ರ ಬಳಸ್ತೀರೇನ್ರಿ?’ ಎಂದು ಕೇಳಿದರೆ ‘ಮಾಡ್ರಿ, ಚೊಲೋ ಆಗ್ತದ’ ಅನ್ನುತ್ತಾರೆ. ಮನೆಗೆ ಬಂದವರಿಗೆ ಇಲ್ಲ ಅನ್ನಬಾರದಲ್ಲ. ನನ್ನ ಪ್ರಶ್ನೆ: ‘ಸಾಹುಕಾರ್ರ, ಈ ಸಲ ಯಾವ ಲೆಕ್ಕಕ್ಕ ತಕರಾರು ಬಂದಿತ್ರಿ? ಅದು ಹೆಂಗ ಬಗಿಹರೀತು?’ ಆಗ ವಹಿ ತೆಗೆಯುತ್ತಾರೆ. ಪುಟದ ಫೋಟೋ ಹೊಡೆಯಬಾರದು, ರೆಕಾರ್ಡಿಂಗ್ ಅಂದರೆ ಮಾತೇ ನಿಲ್ಲುತ್ತದೆ, ತೆರಿಗೆಯ ಅಂಜಿಕೆ. ಬಿಳಿ ಹಾಳೆ ಕೊಟ್ಟು, ಹೆಸರು ಮೊತ್ತ ಬಿಟ್ಟು ಬರೀ ಗೆರೆ, ತಲೆಬರಹ ಬರೆದು ತೋರಿಸಲು ಕೇಳಿದರೆ ಸಂತೋಷದಿಂದ ಬರೆಯುತ್ತಾರೆ. ಹಾಗೆ ಸಿಕ್ಕ ಹಾಳೆಗಳಲ್ಲೇ ‘ಶರಣಪ್ಪ ತಂದೆ ಮಲ್ಲಪ್ಪ’ ಎಂಬ ರೂಢಿ ಕಂಡದ್ದು. ಒಂದೇ ಊರಿನಲ್ಲಿ ನಾಲ್ಕು ಜನ ಶರಣಪ್ಪ ಇರುತ್ತಾರೆ, ಆದ್ದರಿಂದ ಹೆಸರು, ತಂದೆ, ಊರು ಮೂರೂ ಬೇಕು. ಫೋನ್ ನಂಬರಿನಿಂದ ಗುರುತಿಸಲು ಹೋದರೆ ಕೆಡುತ್ತದೆ. ನಂಬರು ಮಗನದು, ಮಗ ಪುಣೆಯಲ್ಲಿ.

ಗುಮಾಸ್ತರ ತ್ರಾಸು ಎಷ್ಟೇ ದೊಡ್ಡದಿದ್ದರೂ ಸಾಹುಕಾರರ ಕಿಸೆ ಬಿಚ್ಚಿಸದೆ ಇರಬಹುದು. ಅದನ್ನು ತಿಳಿಯಲು ದೀಪಾವಳಿಯೇ ಸರಿಯಾದ ಹೊತ್ತು, ಲಕ್ಷ್ಮೀ ಪೂಜೆಗೆ ಹೊಸ ವಹಿ ಇಡುವ ದಿನ. ಅದಕ್ಕೂ ಹದಿನೈದು ದಿನ ಮೊದಲೇ ಆ್ಯಪಿಗೆಂದು 500 ರೂಪಾಯಿ ಮುಂಗಡ ಕೇಳುತ್ತೇನೆ. ‘ನೋಡೋಣ್ರಿ’ ಅಂದರೆ ‘ಬೇಡ’ ಎಂದೇ ಬರೆದುಕೊಳ್ಳುತ್ತೇನೆ. ಕೊಟ್ಟವರ ಅಂಗಡಿಗೆ ಹಬ್ಬ ಕಳೆದ ಮೇಲೆ, ರೈತರು ಕೈಗಡ ಕೇಳಲು ಬರುವ ಹೊತ್ತಿಗೆ ಹೋಗಿ ಮೂಲೆಯಲ್ಲಿ ಕೂರುತ್ತೇನೆ. ರೊಕ್ಕ ಎಣಿಸಿಕೊಟ್ಟ ಕೂಡಲೇ ಗುಮಾಸ್ತರ ಕೈ ಮೊದಲು ಫೋನಿಗೆ ಹೋಗುತ್ತದೋ, ವಹಿಗೋ?